ಗಾಜು ಗುರುತಿಸದ ಬೆರಳು

ಇಸ್ತ್ರಿ ಅಕ್ಕ ಎಂದೇ ಎಲ್ಲರೂ ಕರೆಯುವ ಆಕೆಗೆ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ. ಹರೆಯದಲ್ಲಿ ಸೇರಿದವಳು, ತಲೆ ನರೆತರೂ ಅಲ್ಲೇ. ಸುಡುವ ಬೆಡ್‌ಶೀಟುಗಳನ್ನು ಯಂತ್ರದಿಂದ ಎಳೆದೆಳೆದು ಮಡಚಿ ಬೆರಳ ತುದಿಗಳು ಸವೆದು, ಒಣಗಿ, ಕೊರಡಿನಂತಾಗಿದ್ದವು. "ಕೆಂಡ ಹಿಡಿದ್ರೂ ಗೊತ್ತಾಗಲ್ಲ ನಂಗೆ" ಎಂದು ನಗುತ್ತಿದ್ದಳು.

ಗಂಡ ಮಕ್ಕಳಿಲ್ಲದ ಅವಳಿಗೆ ತಂಗಿಯೇ ಎಲ್ಲ. ಅಕ್ಕ ಒಮ್ಮೆ ತಲೆಸುತ್ತಿ ಬಿದ್ದಾಗ ಹೆದರಿದ ತಂಗಿ ಹೊಸ ಸ್ಮಾರ್ಟ್‌ವಾಚು ತಂದು ಕೈಗೆ ಕಟ್ಟಿದಳು. ಗುಂಡಿ ಒಂದೂ ಇಲ್ಲ, ಬರೀ ಗಾಜು.

"ಇಲ್ಲಿ ಮುಟ್ಟಕ್ಕ, ನನ್ನ ಫೋನ್ ರಿಂಗಾಗತ್ತೆ."

ಅಕ್ಕ ಮುಟ್ಟಿದಳು, ಒತ್ತಿದಳು, ಉಜ್ಜಿದಳು, ಗೆಣ್ಣಿನಿಂದ ಕುಟ್ಟಿದಳು. ತಂಗಿಯ ಬೆರಳಿಗೆ ಥಟ್ಟನೆ ಬೆಳಗುವ ಗಾಜು ಇವಳಿಗೆ ಜಪ್ಪಯ್ಯ ಎಂದರೂ ಮಿಸುಕಲಿಲ್ಲ.

"ಇದರ ಪಾಲಿಗೆ ನಾನು ಸತ್ತೇ ಹೋಗಿದ್ದೀನಿ ಕಣೆ."

ಕೆಲವು ದಿನಗಳಲ್ಲೇ ತಂಗಿಗೆ ಆ ವಾಚಿನಿಂದ ಕರೆಗಳು ಬರತೊಡಗಿದವು. ಎತ್ತಿದರೆ ಮಾತಿಲ್ಲ. ಯಂತ್ರದ ಗುರುಗುಟ್ಟುವಿಕೆ, ದೂರದಲ್ಲಿ ಅಕ್ಕನ ಕೆಮ್ಮು. ಅಕ್ಕ ತಾನು ಮುಟ್ಟೇ ಇಲ್ಲವೆಂದು ಆಣೆಯಿಟ್ಟಳು. ವಾಚು ರಿಪೇರಿಯವನು ನಕ್ಕ. "ಹಬೆಯ ಹನಿ ಕೂತ್ರೆ ಅದನ್ನೇ ಬೆರಳು ಅನ್ಕೊಳ್ಳತ್ತಮ್ಮ. ಒಣ ಬೆರಳು ಇದಕ್ಕೆ ಕಾಣಲ್ಲ." ಇಬ್ಬರಿಗೂ ಸಮಾಧಾನವಾಯಿತು.

ಬಾಯ್ಲರ್ ಕೆಟ್ಟು ನೆಲಮಾಳಿಗೆಗೆ ರಜೆ ಕೊಟ್ಟ ದಿನ, ಮರೆತ ಕನ್ನಡಕ ತರಲು ಅಕ್ಕ ಒಬ್ಬಳೇ ಕೆಳಗಿಳಿದಳು. ಬಟ್ಟೆ ಗಂಟುಗಳನ್ನು ಪೇರಿಸಿದ್ದ ಗಾಡಿಯೊಂದು ಉರುಳಿ ಅವಳ ಕಾಲನ್ನು ಗೋಡೆಗೆ ಅದುಮಿತು. ಕೂಗಿದರೆ ಕೇಳುವವರಿಲ್ಲ. ಐದೂ ಬೆರಳಿಂದ ವಾಚನ್ನು ತಡಕಿದಳು. ಗಾಜು ಕಪ್ಪಗೇ ಇತ್ತು. ಕೈಸೋತು ಸುಮ್ಮನಾದಳು.

ಆಗ ಅದು ಬೆಳಗಿತು. ಅವಳು ನೋಡುತ್ತಿದ್ದಂತೆ ಪರದೆ ಮೆಲ್ಲಗೆ ಸರಿಯಿತು, ಯಾರೋ ಬೆರಳಾಡಿಸಿ ಹುಡುಕುವಂತೆ. ತಂಗಿಯ ಹೆಸರು ಬಂತು. ಕರೆ ಹೋಯಿತು. ಗಾಜಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಅಕ್ಕ ಕನ್ನಡಕಕ್ಕೆಂದು ಹೋದದ್ದು ಗೊತ್ತಿದ್ದ ತಂಗಿ ಆಸ್ಪತ್ರೆಯ ಕಾವಲುಗಾರನನ್ನು ಕರೆದುಕೊಂಡು ಓಡಿ ಬಂದಳು. ಮುರಿದ ಎಲುಬು ಕೂಡಿಕೊಂಡಿತು. ಅಕ್ಕ ಎದ್ದು ಕೂರುವಂತಾದ ಮೇಲೆ ತಂಗಿ ತಡೆಯಲಾಗದೆ ಕೇಳಿದಳು:

"ಆವತ್ತು ನಿನ್ನ ಜೊತೆ ಯಾರಿದ್ರು?"

"ಯಾರೂ ಇರ್ಲಿಲ್ಲ. ಯಾಕೆ?"

"ಫೋನಲ್ಲಿ ಕೇಳಿಸ್ತು, ನೀನು ನರಳ್ತಿದ್ದೆ. ಪಕ್ಕದಲ್ಲೇ ಯಾರೋ 'ಶ್... ಬರ್ತಾರೆ, ಬರ್ತಾರೆ' ಅಂತ ಸಂತೈಸ್ತಿದ್ರು. ಹೆಂಗಸಿನ ದನಿ."

ಅಕ್ಕ ವಾಚು ಬಿಚ್ಚಿ ತಂಗಿಯ ಮುಂದಿಟ್ಟಳು.

"ಯಾರ ಬೆರಳೋ ಏನೋ, ಪ್ರಾಣ ಉಳಿಸ್ತು. ಹಾಗಂತ ಅದನ್ನ ಕೈಗೆ ಕಟ್ಕೊಂಡು ಮಲಗೋಕಾಗತ್ತೇನೆ?"

ಈಗ ಕಟ್ಟಿರುವ ವಾಚಿಗೆ ಅಂಚಿನಲ್ಲಿ ಉಬ್ಬಿದ ಎರಡು ಗುಂಡಿಗಳಿವೆ. ಒತ್ತಿದರೆ ಟಕ್ ಎನ್ನುತ್ತವೆ, ಒತ್ತದಿದ್ದರೆ ತೆಪ್ಪಗಿರುತ್ತವೆ. ಅಕ್ಕ ಕೆಲಸಕ್ಕೆ ಮರಳಿದ್ದಾಳೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ನೆಲಮಾಳಿಗೆಯ ಬಾಗಿಲು ತೆಗೆಯುವವಳು ಅವಳೇ. ದೀಪ ಹಾಕುವ ಮುನ್ನ ಕತ್ತಲಿಗೆ ಮುಖ ಮಾಡಿ, "ಬಂದೆ" ಎಂದು ಮೆಲ್ಲಗೆ ಹೇಳುತ್ತಾಳೆ.