ಪಟ್ಟಿಯಣ್ಣ ಉಪ್ಪು ಬಿಟ್ಟದ್ದು

ನನ್ನ ತಂಗಿಯ ಗಂಡ ಬಸ್ಸಿನ ಮೈ ಕಟ್ಟುವ ಶೆಡ್ಡಿನಲ್ಲಿ ಬಣ್ಣದವನು. ಹೊಸ ಬಸ್ಸಿನ ಪಕ್ಕೆಗೆ ಉದ್ದಕ್ಕೂ ಪಟ್ಟಿ ಎಳೆಯುವುದು ಅವನ ಕೆಲಸ. ಬೇರೆಯವರು ಟೇಪು ಅಂಟಿಸಿ ಬಳಿಯುತ್ತಾರೆ. ಇವನು ಕುಂಚ ಅದ್ದಿ, ಉಸಿರು ಬಿಗಿಹಿಡಿದು, ಏಡಿಯ ಹಾಗೆ ಅಡ್ಡಡ್ಡ ನಡೆದರೆ ಮುಗಿಯಿತು. ದಾರ ಹಿಡಿದು ನೋಡಿದರೂ ಕೊಂಕಿಲ್ಲ. ಶೆಡ್ಡಿಗೆಲ್ಲ ಅವನು ಪಟ್ಟಿಯಣ್ಣ.

ಸ್ವಭಾವವೂ ಹಾಗೆಯೇ, ಮಾಡಿದರೆ ಒಂದೇ ಏಟಿಗೆ. ತಂಗಿಗೆ ಬಿಪಿ ಏರಿ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದಾಗ ಅವಳ ಸಪ್ಪೆ ಮುಖ ನೋಡಲಾರದೆ ಇವನೂ ಉಪ್ಪು ಬಿಟ್ಟ. ಸಾಲದ್ದಕ್ಕೆ, ಶೆಡ್ಡಿನಲ್ಲಿ ಹೊತ್ತುಹೊತ್ತಿಗೆ ಹೀರುತ್ತಿದ್ದ ಕಡುಗಪ್ಪು ಕಾಫಿಯನ್ನೂ ಅಂದೇ ಬಿಟ್ಟ. ಹೆಂಡತಿ ತಿಂದದ್ದೇ ತನಗೂ ಎಂದ. ತಂಗಿ ನಕ್ಕಳು.

"ಈ ವಯಸ್ಸಲ್ಲಿ ಪ್ರೀತಿ ಹೀಗೆ ಉಕ್ಕಿದ್ರೆ ಒಲೆ ಆರಿಹೋಗುತ್ತೆ ಕಣ್ರೀ."

ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಬಹಳ ಹಿಂದೆ ಅವನ ಮನಸ್ಸು ಹದ ತಪ್ಪಿತ್ತು. ಕೆಲವು ವಾರ ಕಾಲು ನೆಲದ ಮೇಲೆ ನಿಲ್ಲದು, ಕೆಲವು ವಾರ ಹಾಸಿಗೆ ಬಿಟ್ಟು ಏಳಲಾರ. ಲಿಥಿಯಂ ಎಂಬ ಮಾತ್ರೆ ಅವನನ್ನು ದಾರಿಗೆ ತಂದಿತ್ತು. ಅಂದಿನಿಂದ ತಪ್ಪದೆ ನುಂಗುತ್ತಿದ್ದ. ಮನೆಯವರ ಹೊರತು ಯಾರಿಗೂ ಗೊತ್ತಿರಲಿಲ್ಲ.

ಉಪ್ಪು ಬಿಟ್ಟ ಕೆಲವೇ ವಾರಗಳಲ್ಲಿ ಕೈ ನಡುಗತೊಡಗಿತು. ಹೊಟ್ಟೆ ಕೆಟ್ಟಿತು, ಎಷ್ಟು ನೀರು ಕುಡಿದರೂ ದಾಹ. ಎಳೆದ ಪಟ್ಟಿ ಹಾವು ಹರಿದ ಹಾಗಾಯಿತು. ಕುಡಿತ ಕಲಿತಿದ್ದಾನೆ ಎಂದು ಶೆಡ್ಡಿನಲ್ಲಿ ಪಿಸುಪಿಸು ಎದ್ದಿತು. ಕಾಫಿಯನ್ನೂ ಬಿಟ್ಟವನ ಬಾಯನ್ನು ಮೇಸ್ತ್ರಿ ದಿನಾ ಬೆಳಿಗ್ಗೆ ನೆಪ ಹುಡುಕಿ ಮೂಸುತ್ತಿದ್ದ. ಕೊನೆಗೆ, ತುಕ್ಕು ಉಜ್ಜುತ್ತಿರು, ಕೈ ಸರಿಹೋಗದಿದ್ದರೆ ಕುಂಚ ಬೇರೆಯವರಿಗೆ ಎಂದುಬಿಟ್ಟ.

"ಕುಂಚ ಹೋದ್ರೆ ನಾನು ಯಾರು ಭಾವ?" ಎಂದು ನನ್ನ ಮುಂದೆ ಕೂತ.

ಶಾಲೆ ಕಾಣದಿದ್ದರೂ ನಾನು ಲೋಕ ಕಂಡವನು. ಸಪ್ಪೆ ಊಟ ಮೈಗೆ ಹಿಡಿದಿಲ್ಲ ಎಂದು ಲೆಕ್ಕ ಹಾಕಿದೆ. ಆದರೂ ಅವನಿಗೆ ಲಿಥಿಯಂ ಮಾತ್ರೆ ಬರೆದುಕೊಡುವ ಡಾಕ್ಟರಮ್ಮನ ಬಳಿ ಎಳೆದುಕೊಂಡೇ ಹೋದೆ. ಈಚೆಗೆ ಏನು ಬದಲಾಯಿತು ಎಂದು ಆಕೆ ಕೇಳಿದ್ದೇ ತಡ, ಇವನು ಎದೆಯುಬ್ಬಿಸಿ ಉಪ್ಪು, ಕಾಫಿ ಎರಡೂ ಬಿಟ್ಟೆ ಎಂದ. ಶಹಬ್ಬಾಸ್ ಸಿಕ್ಕೀತೆಂದು ಕಾದ. ಆಕೆ ಕೂಡಲೇ ರಕ್ತ ಪರೀಕ್ಷೆಗೆ ಕಳಿಸಿದರು. ಲಿಥಿಯಂ ಮಿತಿ ಮೀರಿತ್ತು.

"ನಿಮ್ಮ ಮೂತ್ರಪಿಂಡಕ್ಕೆ ಈ ಔಷಧಿ, ಉಪ್ಪು ಅಣ್ಣತಮ್ಮ ಇದ್ದ ಹಾಗೆ," ಎಂದರು. "ಉಪ್ಪು ಬರೋದು ಕಮ್ಮಿ ಆದ್ರೆ ಅದು ಗಾಬರಿಬಿದ್ದು ಇರೋದನ್ನೆಲ್ಲ ಬಾಚಿ ಇಟ್ಕೊಳ್ಳುತ್ತೆ, ಔಷಧೀನೂ ಸೇರಿಸಿ. ಕಾಫಿ ಆ ಔಷಧೀನ ಸ್ವಲ್ಪ ಸ್ವಲ್ಪ ಹೊರಗೆ ತಳ್ತಿತ್ತು, ಅದನ್ನೂ ನಿಲ್ಲಿಸಿದ್ರಿ. ನುಂಗೋದು ಅಷ್ಟೇ, ಹೋಗೋದು ಕಮ್ಮಿ."

ಆಸ್ಪತ್ರೆಯಲ್ಲಿ ಮಲಗಿಸಿ ಡ್ರಿಪ್ ಹಾಕಿ, ಮಾತ್ರೆ ನಿಲ್ಲಿಸಿ, ರಕ್ತ ನೋಡಿ ನೋಡಿ ಮತ್ತೆ ಶುರು ಮಾಡಿದರು. ಉಪ್ಪು, ಕಾಫಿ ಮೊದಲಿದ್ದಷ್ಟೇ ಇರಲಿ, ಏರಿಸುವುದೂ ಬೇಡ, ಇಳಿಸುವುದೂ ಬೇಡ, ಬದಲಿಸುವುದಿದ್ದರೆ ಮೊದಲು ತನ್ನನ್ನು ಕೇಳಿ ಎಂದು ಡಾಕ್ಟರಮ್ಮ ತಾಕೀತು ಮಾಡಿದರು. ಕೊಟ್ಟ ಮಾತು ತಪ್ಪಿತಲ್ಲ ಎಂದು ಇವನು ಮಂಕಾದ. ತಂಗಿ ಗದರಿದಳು.

"ನಿಮ್ಮ ತಟ್ಟೆ ನಿಮಗೆ, ನನ್ನ ತಟ್ಟೆ ನನಗೆ. ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕು."

ಕೈ ನಡುಕ ನಿಂತ ಮೇಲೆ ಶೆಡ್ಡಿಗೆ ಹೋದವನು ಕುಂಚ ಮುಟ್ಟುವ ಮುಂಚೆ ಮೇಸ್ತ್ರಿಯನ್ನು ಬದಿಗೆ ಕರೆದ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನೆಲ್ಲ ಹೇಳಿ, ಇನ್ನೊಮ್ಮೆ ಕೈ ನಡುಗಿದರೆ ತುಕ್ಕಿನ ಕಡೆ ಕಳಿಸಬೇಡಿ, ಡಾಕ್ಟರ ಕಡೆ ಕಳಿಸಿ ಎಂದ. ಮೇಸ್ತ್ರಿ ತಲೆ ಕೆರೆದುಕೊಂಡ.

"ಅಲ್ಲಯ್ಯ, ಮೊದಲೇ ಹೇಳಿದ್ರೆ ನಿನ್ನ ಬಾಯಿ ಮೂಸೋ ಕರ್ಮ ನನಗೆ ತಪ್ತಿತ್ತು."

ನಿಂತಿದ್ದ ಬಸ್ಸಿನತ್ತ ಕೈ ತೋರಿಸಿದ. ಪಟ್ಟಿಯಣ್ಣ ಉಸಿರು ಹಿಡಿದು ಅಡ್ಡಡ್ಡ ನಡೆದ. ಮೇಸ್ತ್ರಿ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಪಟ್ಟಿಯುದ್ದಕ್ಕೂ ನೋಡಿದ. ಎದ್ದು ಮೊಣಕಾಲು ಕೊಡವಿಕೊಂಡು, ಆ ಪಕ್ಕೆಯನ್ನೂ ಮುಗಿಸು ಎಂದು ಹೇಳಿ ಹೊರಟುಹೋದ.