ಚಿನ್ನಯ್ಯ ದ್ರಾಕ್ಷಿಯ ನಂಬರು

ಚಿನ್ನಮನೂರಿನ ಪಾಂಡಿಯಮ್ಮಾಳ್‌ಗೆ ಅಂಗಡಿ ಇಲ್ಲ, ಗೋದಾಮು ಇಲ್ಲ, ಬಾಗಿಲ ಮೇಲೆ ಬೋರ್ಡೂ ಇಲ್ಲ. ಒಂದು ಮೊಪೆಡ್ ಇದೆ, ಒಂದು ಫೋನ್ ನಂಬರ್ ಇದೆ. ಬೆಳಗಿನ ಕಾಫಿ ಆರುವುದರೊಳಗೆ ಆ ನಂಬರಿಗೆ ಕೋಟ್ಟಯಂನಿಂದ, ಎರ್ನಾಕುಲಂನಿಂದ, ದಿಂಡಿಗಲ್ಲಿನ ಹಣ್ಣಿನ ಮಂಡಿಯಿಂದ ಕರೆಗಳು ಶುರುವಾಗುತ್ತವೆ. ಆಕೆ ತನ್ನ ಹೆಸರು ಹೇಳುವುದಿಲ್ಲ. "ಚಿನ್ನಯ್ಯ ದ್ರಾಕ್ಷಿ" ಎನ್ನುತ್ತಾಳೆ. ಚಿನ್ನಯ್ಯ ಆಕೆಯ ಗಂಡ. ಆತ ತೀರಿಕೊಂಡ ಮೇಲೆ ದಲ್ಲಾಳಿ ಕೆಲಸ ಆಕೆಯ ಕೈಗೆ ಬಂತು, ಅದರ ಜೊತೆ ಆ ನಂಬರೂ ಬಂತು.

ಕೆಲಸ ನೋಡುವುದಕ್ಕೆ ಸುಲಭ. ತೋಟಕ್ಕೆ ಹೋಗಿ, ಚಪ್ಪರದ ಕೆಳಗೆ ಬಗ್ಗಿ ನಡೆದು, ಗೊಂಚಲಿನ ತುದಿಯ ಹಣ್ಣೊಂದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಬೇಕು. ಮೇಲಿನ ಹಣ್ಣು ಬೇಗ ಸಿಹಿಯಾಗುತ್ತದೆ. ತುದಿಯದೂ ಸಿಹಿಯಾದ ಮೇಲೆಯೇ ಕಟಾವು. ಆಮೇಲೆ ಫೋಟೊ ತೆಗೆದು ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆ ಹಾಕಿದರೆ ಬೆಲೆ ಬಾಯಿಮಾತಿನಲ್ಲಿ ಕುದುರುತ್ತದೆ, ಕೇರಳದ ಗಾಡಿ ಕುಮಳಿ ಘಾಟಿ ಇಳಿದು ಬರುತ್ತದೆ. ತೋಟದವರಿಗೆ ಆಕೆಯ ಮುಖ ಗೊತ್ತು. ವ್ಯಾಪಾರಿಗಳಿಗೆ ಗೊತ್ತಿರುವುದು ನಂಬರ್ ಮತ್ತು ದನಿ ಮಾತ್ರ. ಅವರಲ್ಲಿ ಹೆಚ್ಚಿನವರು ಆಕೆಯನ್ನು ಒಮ್ಮೆಯೂ ಕಂಡವರಲ್ಲ.

ಘಾಟಿಯ ಕೆಳಗಿನ ಈ ತಮಿಳು ಕಣಿವೆಯ ದಲ್ಲಾಳಿ ಮನೆಗಳಲ್ಲಿ ಒಂದು ಕಟ್ಟುಪಾಡಿದೆ. ಯಜಮಾನ ಸಾವಿಗೋ ಮದುವೆಗೋ ಊರು ಬಿಟ್ಟರೆ ಫೋನನ್ನು ಮನೆಯವರೊಬ್ಬರ ಕೈಗೆ ಕೊಟ್ಟು ಹೋಗುತ್ತಾನೆ. ಕರೆ ಎತ್ತಿದವರು ಯಜಮಾನನ ಹೆಸರನ್ನೇ ಹೇಳಬೇಕು. ಅವರು ಕೊಟ್ಟ ಮಾತು ಯಜಮಾನನ ಮಾತು; ತಿರುಗಿ ಬಂದವನು ಅದನ್ನು ನಡೆಸಲೇಬೇಕು. ಫೋನ್ ಹಿಡಿದವರು ತಮ್ಮ ಸ್ವಂತ ಹೆಸರನ್ನಾಗಲಿ ನಂಬರನ್ನಾಗಲಿ ಯಾರಿಗೂ ಕೊಡಬಾರದು. ಪಾಂಡಿಯಮ್ಮಾಳ್ ಪ್ರತಿ ವರ್ಷ ಪಳನಿಗೆ ಪಾದಯಾತ್ರೆ ಹೊರಡುವಾಗ ಫೋನನ್ನು ತಮ್ಮ ಲೋಗೇಶನಿಗೆ ಕೊಟ್ಟು ಹೋಗುತ್ತಿದ್ದಳು. ಅವನು ಅವಳ ಮಗಳು ಅಮುದಾಳ ಸೋದರಮಾವ. ಕಿವಿ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವನು, ಮದುವೆಯಲ್ಲಿ ಸೋದರಮಾವ ಕೊಡುವ ಉಡುಗೊರೆಯ ಸೀರು ಹೊತ್ತು ತಂದವನು. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ, ರೀಚಾರ್ಜ್ ಅಂಗಡಿ ಇಟ್ಟಿದ್ದಾನೆ.

ಪಳನಿಗೆ ಜೊತೆಯಲ್ಲಿ ನಡೆಯುತ್ತಿದ್ದ ಹೆಂಗಸರೆಲ್ಲ ಸೇರಿ ಈ ಸಲ ವಿಮಾನ ಹತ್ತಿ ಮಲೇಶಿಯಾದ ಪತ್ತುಮಲೈ ಗುಹೆಗುಡಿಯ ಮುರುಗನನ್ನು ನೋಡಿ ಬರುವುದೆಂದು ತೀರ್ಮಾನಿಸಿದರು. ಪಾಂಡಿಯಮ್ಮಾಳ್‌ಗೆ ದೂರದ ಭಯ ಇರಲಿಲ್ಲ. ಭಯ ಇದ್ದದ್ದು ಫೋನಿನದು. ತೋಟಗಳಲ್ಲಿ ಹಣ್ಣು ಮಾಗಿ ಕಪ್ಪಾಗುತ್ತಿದ್ದ ಸಮಯ ಅದು.

ಆ ಮಾತು ಆಕೆಯ ಮನೆಯ ಜಗಲಿಯಲ್ಲೇ ಎದ್ದಿತು. ಪಕ್ಕದ ಬೀದಿಯ ಕಾಮಾಕ್ಷಿಯಮ್ಮಾಳ್ ಆಗಲೇ ತಯಾರಾಗಿ ಬಂದಿದ್ದಳು.

"ನಾ ರೋಮಿಂಗ್ ಆಕ್ಸ್ಬಿಟ್ಟೆ. ನಂಬರೂ ಅದೇ, ಪೋನೂ ಅದೇ. ಸೊಸೆ ಇಲ್ಲಿಂದ ಬಯ್ದರೂ ಅಲ್ಲಿ ಕೇಳ್ತದೆ."

"ಅತ್ತೆ, ನಿಂಗೆ ಪೋನ್ ಮಾಡೋಳು ಸೊಸೆ ಒಬ್ಬಳು," ಅಂದ ಲೋಗೇಶ್. "ಅಕ್ಕಂಗೆ ಕೇರಳವೆಲ್ಲ ಮಾಡ್ತದೆ. ರೋಮಿಂಗ್‌ನಾಗೆ ಬರೋ ಕಾಲ್‌ಗೂ ದುಡ್ಡು ಕಿತ್ಕೋತಾರೆ. ಅಕ್ಕಾ, ನೀ ಇ-ಸಿಮ್ ಆಕ್ಸ್ಕೋ. ನೆಟ್ಟು ಚೆನ್ನಾಗಿ ಓಡ್ತದೆ, ಖರ್ಚೂ ಕಮ್ಮಿ."

"ಎಲ್ಲೈತೆ ಲೇ ಅದು? ತೋರ್ಸು," ಅಂದಳು ಪಾಂಡಿಯಮ್ಮಾಳ್.

"ತೋರ್ಸಕ್ಕಾಗಲ್ಲ. ಪೋನ್ ಒಳಗೇ ಇರ್ತದೆ, ಕಣ್ಣಿಗೆ ಕಾಣಲ್ಲ."

"ಕಣ್ಣಿಗೆ ಕಾಣದ್ದಕ್ಕೆ ದುಡ್ಡು ಕೊಡು ಅಂತೀಯಾ? ಗುಡಿ ಪೂಜಾರಿ ಕೆಟ್ಟೋದ ನಿನ್ ಮುಂದೆ!" ಎಂದು ಕಾಮಾಕ್ಷಿಯಮ್ಮಾಳ್ ನಕ್ಕಳು.

ಲೋಗೇಶನೂ ನಕ್ಕ. ಆಮೇಲೆ ಅಕ್ಕನ ಫೋನನ್ನು ಕೈಗೆ ತೆಗೆದುಕೊಂಡು ತಿರುಗಿಸುತ್ತಾ ಹೇಳಿದ: "ಒಂದೇ ವಿಷಯ ಅಕ್ಕಾ. ಅಲ್ಲಿ ಎರಡೂ ಒಟ್ಟಿಗೆ ಓಡಲ್ಲ. ಈ ಅಳೇ ಸಿಮ್ಮು ಒಳಗಿದ್ರೆ ಇ-ಸಿಮ್ ಏಳೋದೇ ಇಲ್ಲ. ಇದನ್ನ ಬಿಚ್ಚಿ ನಂಗೆ ಕೊಟ್ಟೋಗು. ಪಳನಿಗೆ ಓಗೋವಾಗ ಕೊಡ್ತೀಯಲ್ಲ, ಅಂಗೇ."

ಆ 'ಅಂಗೇ' ಎಂಬ ಮಾತಿಗೆ ಪಾಂಡಿಯಮ್ಮಾಳ್ ಒಪ್ಪಿದಳು. ಹಳೆಯ ಕಟ್ಟುಪಾಡು ಹೊಸ ಯಂತ್ರಕ್ಕೂ ಹೊಂದಿಕೊಂಡಿತೆಂದು ಆಕೆಗೆ ಸಮಾಧಾನವೇ ಆಯಿತು. ಸಿಮ್ ಇರುವ ತಟ್ಟೆಯನ್ನು ಹೊರಗೆಳೆಯಲು ಅವನ ಹತ್ತಿರ ಪಿನ್ ಇರಲಿಲ್ಲ. ಆಕೆಯೇ ಕಿವಿಯ ಓಲೆಯನ್ನು ಬಿಚ್ಚಿ ಕೊಟ್ಟಳು. ಅವನು ಅದರ ಕಡ್ಡಿಯಿಂದ ಒತ್ತಿ ಸಿಮ್ ತೆಗೆದು, ಅಂಗಡಿಯಿಂದ ತಂದಿದ್ದ ಬೇರೊಂದು ಫೋನಿಗೆ ಹಾಕಿಕೊಂಡ.

ಕೌಲಾಲಂಪುರದಲ್ಲಿ ಇ-ಸಿಮ್ ಅವನು ಹೇಳಿದ ಹಾಗೆಯೇ ಓಡಿತು. ಗುಹೆಯ ಮೆಟ್ಟಿಲ ಬುಡದಲ್ಲಿ ನಿಂತ ಚಿನ್ನದ ಬಣ್ಣದ ಮುರುಗನ ಫೋಟೊಗಳು ದಿಂಡಿಗಲ್ಲಿನಲ್ಲಿದ್ದ ಅಮುದಾಳಿಗೆ ಆ ಕ್ಷಣವೇ ಹೋದವು. ಅತ್ತ ಕಾಮಾಕ್ಷಿಯಮ್ಮಾಳ್‌ಗೆ ಸೊಸೆ ರೋಮಿಂಗ್‌ನಲ್ಲಿ ಕರೆ ಮಾಡಿ ಹುಣಸೆಹಣ್ಣಿನ ಡಬ್ಬಿ ಎಲ್ಲಿದೆ ಎಂದು ಕೇಳಿದಳು. "ಇದಕ್ಕೆ ಕಡಲು ದಾಟಿ ಮಾಡ್ತಾಳಲ್ಲ, ಕಣ್ಣೆದುರಿಗೇ ಇರ್ತದೆ ಡಬ್ಬಿ," ಎಂದು ಆಕೆ ಬಸ್ಸಿನವರಿಗೆಲ್ಲ ಕೇಳುವಂತೆ ಗೊಣಗಿದಳು. ಪಾಂಡಿಯಮ್ಮಾಳ್ ಗೆದ್ದವಳಂತೆ ಕೂತಿದ್ದಳು. ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ ಲೋಗೇಶ್ ಏನೂ ಹಾಕುತ್ತಿರಲಿಲ್ಲ. ಬೆಲೆ ಬಾಯಲ್ಲೇ ಮುಗಿಸುತ್ತಿದ್ದಾನೆ ಎಂದುಕೊಂಡಳು.

ಒಂದು ಬೆಳಿಗ್ಗೆ ಹೋಟೆಲಿನ ಊಟದ ಕೋಣೆಯಲ್ಲಿ ಆಕೆಯ ವಾಟ್ಸಾಪ್ ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದಿತ್ತು. ಪ್ರವಾಸದವರ ಜೊತೆಗಿದ್ದ ಅಲ್ಲಿಯ ತಮಿಳು ಗೈಡ್ ಅದನ್ನು ಓದಿ ಹೇಳಿದ.

"ಅಮ್ಮಾ, ನಿಮ್ಮ ನಂಬರಿನ ವಾಟ್ಸಾಪನ್ನು ಯಾರೋ ಬೇರೆ ಫೋನಿನಲ್ಲಿ ತೆರೆದಿದ್ದಾರೆ. ಇಂಡಿಯಾ ಸಿಮ್ ಎಲ್ಲಿದೆ?"

"ತಮ್ಮನ ಹತ್ತಿರ. ಎರಡೂ ಒಟ್ಟಿಗೆ ಓಡಲ್ಲವಂತಲ್ಲ, ಅದಕ್ಕೇ ಬಿಚ್ಚಿ ಕೊಟ್ಟೆ."

"ಯಾರು ಹೇಳಿದ್ದು? ಇಲ್ಲಿಗೆ ಬರೋರೆಲ್ಲ ಎರಡನ್ನೂ ಒಳಗೇ ಇಟ್ಕೊಂಡು ಬರ್ತಾರೆ. ನೆಟ್ ಇ-ಸಿಮ್‌ನಲ್ಲಿ, ಆ ನಂಬರ್ ತನ್ನ ಪಾಡಿಗೆ ಪಕ್ಕದಲ್ಲಿ."

ಅವನಿಗೆ ಗೊತ್ತಿರಲಿಕ್ಕಿಲ್ಲ, ಎಂದಿತು ಆಕೆಯ ಮನಸ್ಸು. ಮರುಕ್ಷಣವೇ ಅವನ ಅಂಗಡಿ ಕಣ್ಣ ಮುಂದೆ ಬಂತು. ದುಬೈಗೆ, ಸಿಂಗಪುರಕ್ಕೆ ಹೋಗುವ ಊರಿನ ಹುಡುಗರೆಲ್ಲ ಫೋನು ಸರಿಮಾಡಿಸಿಕೊಂಡು ಹೋಗುವುದು ಅವನ ಕೈಯಲ್ಲೇ.

ಕಾಮಾಕ್ಷಿಯಮ್ಮಾಳ್‌ಗೆ ಇದು ಇನ್ನೂ ತಮಾಷೆಯಾಗಿಯೇ ಕಂಡಿತ್ತು. "ತಾಳು, ನನ್ ರೋಮಿಂಗ್‌ನಾಗೆ ಮಾಡಿ ಅವನ್ನ ಸ್ವಲ್ಪ ಆಟ ಆಡ್ಸೋಣ," ಎಂದಳು. ಆಕೆ ಹರೆಯದಲ್ಲಿ ಬೋಡಿಮೆಟ್ಟಿನ ಏಲಕ್ಕಿ ತೋಟದಲ್ಲಿ ದುಡಿದವಳು. ಮಲಯಾಳಿಗಳ ತಮಿಳನ್ನು ಅವರಂತೆಯೇ ಎಳೆದು ಆಡಬಲ್ಲವಳು. ಪಾಂಡಿಯಮ್ಮಾಳ್ ನಂಬರ್ ಒತ್ತಿದಳು. ಅಷ್ಟು ವರ್ಷ ಅದೇ ನಂಬರಿನಲ್ಲಿ ಬದುಕಿದವಳು ಅದಕ್ಕೆ ತಾನೇ ಕರೆ ಮಾಡಿದ್ದು ಅದೇ ಮೊದಲು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಲೋಗೇಶ್ ಫ್ರೂಟ್ಸ್," ಅಂದಿತು ಆ ಕಡೆಯ ದನಿ.

ಕಾಮಾಕ್ಷಿಯಮ್ಮಾಳ್ ಒಂದು ಗಳಿಗೆ ತಡವರಿಸಿದಳು. "ಚಂಗನಾಶ್ಶೇರಿಯಿಂದ ಮಾತಾಡೋದು. ಚಿನ್ನಯ್ಯ ದ್ರಾಕ್ಷಿ ಅಲ್ಲವೋ ಇದು? ಆ ಅಕ್ಕ ಇಲ್ಲವೋ?"

"ಅವರು ಬಿಟ್ಟುಬಿಟ್ಟರು ಅಮ್ಮಾ. ವಯಸ್ಸಾಯ್ತು. ನಾಲಿಗೆಗೆ ರುಚಿ ಹಿಡಿಯೋದಿಲ್ಲ, ಎರಡು ಲೋಡು ಹುಳಿ ಹಣ್ಣು ಕಳಿಸಿ ವ್ಯಾಪಾರಿಗಳ ಹತ್ರ ಬೈಸ್ಕೊಂಡ್ರು. ಈಗ ದಿಂಡಿಗಲ್ಲಿನಲ್ಲಿ ಮಗಳ ಮನೆ ಸೇರಿದ್ದಾರೆ. ಈ ನಂಬರ್ ಇನ್ನು ಮುಂದೆ ಇರೋದಿಲ್ಲ, ನನ್ನ ನಂಬರ್ ಬರ್ಕೊಳ್ಳಿ."

ಅವನು ನಂಬರನ್ನು ಒಂದೊಂದೇ ಅಂಕಿಯಾಗಿ, ನಿಧಾನವಾಗಿ ಹೇಳಿದ. ಎಲ್ಲಿಯೂ ತಪ್ಪದಂತೆ ಇನ್ನೊಮ್ಮೆ ಹೇಳಿದ. ಬಹಳ ಜನರಿಗೆ ಹೇಳಿ ರೂಢಿಯಾದವನ ದನಿ ಅದು. ಪಾಂಡಿಯಮ್ಮಾಳ್ ಕೈ ಚಾಚಿ ಕರೆಯನ್ನು ತುಂಡರಿಸಿದಳು.

"ಯಾಕೆ ಸುಮ್ನಿದ್ದೆ? ಬಯ್ಬಾರ್ದಾಗಿತ್ತಾ ಪಾಪಿಯನ್ನ?" ಕಾಮಾಕ್ಷಿಯಮ್ಮಾಳ್‌ಗೆ ನಗು ಹೋಗಿತ್ತು.

"ಬಯ್ದ್ರೆ ಎಚ್ಚರ ಆಗ್ತಾನೆ. ವ್ಯಾಪಾರಿಗಳಿಗೆ ಇಂಗೆ ಏಳವ್ನೆ. ತೋಟದೋರಿಗೆ ಏನು ಏಳವ್ನೋ, ಅದು ನಂಗೆ ಮೊದ್ಲು ಗೊತ್ತಾಗ್ಬೇಕು."

ಎರಡು ಲೋಡು ಹುಳಿ ಹಣ್ಣು ಹೋದದ್ದೂ ಸುಳ್ಳು. ಉಳಿದ ಪ್ರವಾಸದುದ್ದಕ್ಕೂ ಆಕೆ ಕೊಟ್ಟದ್ದನ್ನು ತಿಂದಳು, ಇಳಿ ಎಂದಲ್ಲಿ ಇಳಿದಳು. ನಾಲಿಗೆಯ ಮಾತನ್ನು ಮಾತ್ರ ಒಳಗೊಳಗೇ ತಿರುವಿಹಾಕುತ್ತಿದ್ದಳು.

ಮಧುರೈ ವಿಮಾನ ನಿಲ್ದಾಣಕ್ಕೆ ಲೋಗೇಶನೇ ಕಾರು ತಂದಿದ್ದ. ಪೆಟ್ಟಿಯನ್ನು ಕೈಯಿಂದ ಇಸಿದುಕೊಂಡು ಒಳಗಿಟ್ಟ. ಸಿಮ್ಮನ್ನು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೋಪಾನವಾಗಿ ಇಟ್ಟಿದ್ದ.

"ಇ-ಸಿಮ್ ಚೆನ್ನಾಗಿ ಓಡ್ತಾ ಅಕ್ಕಾ?"

"ಓಡ್ತು."

ಆಕೆ ಓಲೆ ಬಿಚ್ಚಿ ಅದರ ಕಡ್ಡಿಯಿಂದಲೇ ಒತ್ತಿ ಸಿಮ್ ಹಾಕಿದಳು. ದಾರಿಯಲ್ಲಿ ನಿಲಕ್ಕೋಟ್ಟೈ ದಾಟುವಷ್ಟರಲ್ಲಿ ವಾಟ್ಸಾಪ್ ತೆರೆದುಕೊಂಡಿತು. ಗುಂಪು ಅಲ್ಲೇ ಇತ್ತು, ವ್ಯಾಪಾರಿಗಳೂ ಎಲ್ಲರೂ ಇದ್ದರು. ಗುಂಪಿನ ಹೆಸರು ಮಾತ್ರ 'ಲೋಗೇಶ್ ಫ್ರೂಟ್ಸ್' ಎಂದಾಗಿತ್ತು. ಅದನ್ನು ಬದಲಿಸುವ ಅಧಿಕಾರ ಆಕೆಗಿರಲಿಲ್ಲ. ಆಕೆಯ ವಾಟ್ಸಾಪ್ ಅವನ ಕೈಯಲ್ಲಿದ್ದಾಗಲೇ ಗುಂಪಿನ ಯಜಮಾನಿಕೆ ಅವನ ನಂಬರಿಗೆ ಹೋಗಿತ್ತು.

ಮರುದಿನ ಕಾಫಿ ಆರಿ ಕೆನೆಗಟ್ಟಿತು. ಫೋನ್ ಹೊಡೆಯಲಿಲ್ಲ. ಆಕೆ ಮೊಪೆಡ್ ತೆಗೆದುಕೊಂಡು ತಂಗವೇಲ್‌ನ ತೋಟಕ್ಕೆ ಹೋದಳು. ಆಕೆಯ ಕೈಕೆಳಗಿನ ತೋಟಗಳಲ್ಲಿ ದೊಡ್ಡದು ಅದು.

"ಬಾ ಅಕ್ಕಾ, ಮಲೇಶಿಯಾ ಮುರುಗ ಏನಂದ? ನಮ್ಮೂರ ಮುರುಗನ್ಗಿಂತ ಉದ್ದ ಅವನಂತಲ್ಲ?"

"ಉದ್ದ ಅವ್ನೆ. ಲೋಗೇಶ್ ಬಂದಿದ್ನಾ ಇಲ್ಲಿಗೆ?"

"ಬಂದಿದ್ದ. ಈ ಸಲದ ಬೆಳೆ, ಈ ಕಾಯಿ ಪೂರಾ ಅವನ ಗಾಡಿಗೇ ಆಕ್ಬೇಕು ಅಂತ ನೀ ಏಳ್ಕಳ್ಸಿದ್ಯಂತೆ. ಸರಿ ಅಂದೆ."

"ನನ್ ಎಸರು ಏಳಿ ಕೇಳಿದ್ನಾ?"

"ಮತ್ತೆ? ನಿನ್ ಎಸರಿಲ್ದೆ ಆ ಪೋನು ಬಿಚ್ಚೋನಿಗೆ ದ್ರಾಕ್ಷಿ ಯಾರು ಕೊಡ್ತಾರೆ?" ತಂಗವೇಲ್ ನಕ್ಕವನು ಆಕೆಯ ಮುಖ ನೋಡಿ ನಿಂತ. "ಯಾಕಕ್ಕಾ? ನೀ ಏಳ್ಲಿಲ್ವಾ?"

ಅಲ್ಲಿಗೆ ಆಕೆಗೆ ಎಲ್ಲವೂ ಬಿಡಿಸಿ ಕಂಡಿತು. ವ್ಯಾಪಾರಿಗಳ ಹತ್ತಿರ ಅಕ್ಕ ಇಲ್ಲವೆಂದು ಹೇಳಿದವನು ತೋಟದವರ ಹತ್ತಿರ ಅಕ್ಕನೇ ಕಳಿಸಿದಳೆಂದು ಹೇಳಿದ್ದ. 'ಇಲ್ಲ' ಎಂದು ಒಂದು ಮಾತು ಅಂದಿದ್ದರೆ ಆ ತೋಟದ ಹಣ್ಣು ಅಲ್ಲೇ ತಿರುಗಿ ಬರುತ್ತಿತ್ತು. ಆದರೆ ಫೋನನ್ನು ಅವನ ಕೈಗೆ ಕೊಟ್ಟವಳು ತಾನೇ. ತನ್ನ ಹೆಸರಿನಲ್ಲಿ ಹೋದ ಮಾತು ತನ್ನದಲ್ಲ ಎಂದು ಒಮ್ಮೆ ಅಂದರೆ, ನಾಳೆಯಿಂದ ಯಾವ ತೋಟದವರೂ ಆಕೆಯ ಮಾತನ್ನು ಇನ್ನೊಬ್ಬರ ಬಾಯಲ್ಲಿ ನಂಬುವುದಿಲ್ಲ. ಚಿನ್ನಯ್ಯ ಈ ಕೆಲಸ ಕಟ್ಟಿದ್ದೇ ಆ ನಂಬಿಕೆಯ ಮೇಲೆ. ಲೋಗೇಶನೂ ಅದನ್ನು ಲೆಕ್ಕ ಹಾಕಿಯೇ ಹೆಜ್ಜೆ ಇಟ್ಟಿದ್ದ.

"ನಾ ಏಳ್ದಂಗೇ ಅನ್ಕೋ," ಅಂದಳು. "ಈ ಕಾಯಿ ಅವನ್ಗೇ ಆಕು. ಮುಂದಿನ ಕಾಯಿಗೆ ಯಾರ ಬಾಯಲ್ಲೂ ಏಳ್ಕಳ್ಸಲ್ಲ. ನಾನೇ ಬತ್ತೀನಿ."

ಉಳಿದ ತೋಟಗಳಲ್ಲೂ ಅದೇ ಪ್ರಶ್ನೆ ಬಂತು. ಆಕೆ ಅದೇ ಉತ್ತರ ಕೊಟ್ಟಳು.

ಅಂಗಡಿಯಲ್ಲಿ ಲೋಗೇಶ್ ಯಾರದೋ ಫೋನಿನ ಹೊಟ್ಟೆ ತೆರೆದು ದೀಪದ ಕೆಳಗೆ ಬಗ್ಗಿದ್ದ. ಪಾಂಡಿಯಮ್ಮಾಳ್ ಕಟ್ಟೆಯ ಮೇಲೆ ಕೂತಳು.

"ಎರಡೂ ಒಟ್ಟಿಗೆ ಓಡಲ್ಲ ಅಂದ್ಯಲ್ಲೋ."

"ಯಾರು ಏಳಿದ್ದು ನಿಂಗೆ?" ಅಂದ, ತಲೆ ಎತ್ತದೆ. ಗೊತ್ತಿರಲಿಲ್ಲ ಅಕ್ಕಾ ಎಂದು ಅನ್ನಬಹುದಿತ್ತು. ಆಕೆ ಆ ಮಾತಿಗೇ ಕಾದಿದ್ದಳು. ಬರಲಿಲ್ಲ.

"ಈ ಅಂಗಡೀಲಿ ಇನ್ನೇನೈತೆ ಅಕ್ಕಾ? ರೀಚಾರ್ಜು ಅವರವರೇ ಮಾಡ್ಕೋತಾರೆ. ರಿಪೇರಿ ಯಾರೂ ಮಾಡ್ಸಲ್ಲ, ಹೊಸದು ತಗೋತಾರೆ. ನೀ ಇನ್ನೆಷ್ಟು ವರ್ಷ ಚಪ್ಪರದಡಿ ಬಗ್ತೀಯಾ? ಒಂದಿನ ನಂಗೇ ತಾನೇ ಬರೋದು?"

"ಕೇಳಿದ್ರೆ ಕೊಡ್ತಿದ್ದೆ."

"ಕೇಳಿದ್ರೆ ನೀ ಕಾಯ್ಸ್ತಿದ್ದೆ."

"ಓಗಲಿ. ನನ್ ನಾಲಿಗೆ ಕೆಟ್ಟೋಗೈತೆ ಅಂತ ಚಂಗನಾಶ್ಶೇರಿಯಮ್ಮಂಗೆ ಏಳ್ದ್ಯಲ್ಲ, ಅದೂ ಕಾಯಕ್ಕಾಗ್ದೇನಾ?"

ಆಗ ಅವನು ತಲೆ ಎತ್ತಿದ. ಯಾವ ಕರೆ, ಯಾವ ದನಿ ಎಂದು ಅವನ ಕಣ್ಣು ಹುಡುಕಿದ್ದನ್ನು, ಸಿಕ್ಕಿದ ಮೇಲೆ ಕೆಳಗಿಳಿದದ್ದನ್ನು ಆಕೆ ನೋಡಿದಳು. ಇನ್ನೇನೂ ಕೇಳದೆ ಎದ್ದು ಬಂದಳು.

ಕಟಾವು ನಡೆಯಿತು. ಲೋಗೇಶನ ಗಾಡಿಗಳು ತುಂಬಿಕೊಂಡು ಕುಮಳಿಯ ಕಡೆಗೆ ಹೋದವು. ಪಾಂಡಿಯಮ್ಮಾಳ್ ಕರೆಯುವವರಿಲ್ಲದೆಯೂ ತೋಟಕ್ಕೆ ಹೋಗುವುದನ್ನು ಬಿಡಲಿಲ್ಲ. ಒಂದು ದಿನ ತಂಗವೇಲ್‌ನ ಚಪ್ಪರದ ಕೆಳಗೆ, ತುದಿಯ ಹಣ್ಣು ಬಾಯಲ್ಲಿರುವಾಗಲೇ ಫೋನ್ ಹೊಡೆಯಿತು. ಕೋಟ್ಟಯಂನ ವರ್ಗೀಸ್. ಚಿನ್ನಯ್ಯನ ಕಾಲದಿಂದ ಹಣ್ಣು ಎತ್ತುವವನು.

"ಚಿನ್ನಯ್ಯ ದ್ರಾಕ್ಷಿ," ಅಂದಳು.

"ಅಯ್ಯೋ, ಅಕ್ಕನೋ? ರೂಢಿಯಲ್ಲಿ ಹಳೇ ನಂಬರಿಗೇ ಕೈ ಹೋಯ್ತು. ಕ್ಷಮಿಸಿ. ಮಗಳ ಮನೆಯಲ್ಲಿ ಸುಖವೋ?"

"ನಾನು ತೋಟದಲ್ಲಿದ್ದೀನಿ ವರ್ಗೀಸ್. ಹಣ್ಣು ಬಾಯಲ್ಲಿದೆ. ಇನ್ನೂ ಹುಳಿ. ಈ ಸಾಲನ್ನು ಇವತ್ತು ಕಟಾವು ಮಾಡಬಾರದು."

"ಮತ್ತೆ, ಬಿಟ್ಟುಬಿಟ್ಟಿರಿ ಅಂತ ಲೋಗೇಶ್ ಹೇಳಿದನಲ್ಲ?"

ಆಕೆ ಹಣ್ಣಿನ ಬೀಜ ಉಗಿದಳು. ತನ್ನ ಹೆಸರಿನಲ್ಲಿ ಅವನು ಕೊಟ್ಟ ಮಾತುಗಳನ್ನು ಒಂದೂ ಬಿಡದೆ ನಡೆಸಿಯಾಗಿತ್ತು. ಇದು ಅವನು ಅವನದೇ ಹೆಸರಿನಲ್ಲಿ ಆಡಿದ ಮಾತು. ಇದನ್ನು ಹೊರುವ ಕಟ್ಟುಪಾಡು ಯಾವುದೂ ಇರಲಿಲ್ಲ.

"ನಾನು ಬಿಟ್ಟಿಲ್ಲ. ಯಾಕೆ ಹಾಗಂದ ಅಂತ ಅವನನ್ನೇ ಕೇಳಿ. ಈ ಕಾಯಿ ಅವನದು, ಅವನ ಹತ್ತಿರವೇ ತಗೊಳ್ಳಿ. ಮುಂದಿನ ಕಾಯಿಗೆ ಇದೇ ನಂಬರ್."

ವರ್ಗೀಸನ ಹಿಂದೆ ಮಂಡಿಯಲ್ಲಿ ಯಾರೋ ಪೆಟ್ಟಿ ಇಳಿಸುತ್ತಿದ್ದ ಸದ್ದು ಕೇಳಿತು.

"ನೋಡೋಣ ಅಕ್ಕಾ," ಅಂದ ವರ್ಗೀಸ್.

ಮೊದಲಾಗಿದ್ದರೆ ಅವನು ಆಕೆಗೆ ಹಾಗನ್ನುತ್ತಿರಲಿಲ್ಲ, ಗಾಡಿ ಎಷ್ಟು ಹೊತ್ತಿಗೆ ಕಳಿಸಲಿ ಎನ್ನುತ್ತಿದ್ದ. ಹೊಸಬರಿಗೆ ಹೇಳುವ ಮಾತು ಅದು. ಪಾಂಡಿಯಮ್ಮಾಳ್ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ಮುಂದಿನ ಸಾಲಿಗೆ ಹೋದಳು.