ಚಿಕ್ಕಮ್ಮನ ಕ್ಲಿನಿಕ್ ಕಷಾಯ

ನಮ್ಮ ದ್ವೀಪದ ಓಯಿಸ್ಟಿನ್ಸ್ ಮೀನು ಮಾರುಕಟ್ಟೆಯಲ್ಲಿ ಹಾರುಮೀನಿನ ಮುಳ್ಳು ತೆಗೆಯುವ ಹೆಂಗಸರು ಬೇಕಾದಷ್ಟು ಮಂದಿ. ಒಂದು ಮುಳ್ಳನ್ನೂ ಉಳಿಸದವಳು ವೆಲ್ಡಾ ಗಿಟನ್ಸ್ ಒಬ್ಬಳೇ ಎಂದು ವೆಲ್ಡಾ ಗಿಟನ್ಸೇ ಹೇಳುತ್ತಿದ್ದಳು. ಅದನ್ನು ಅಲ್ಲಗಳೆಯಬೇಕಾದರೆ ಮುಳ್ಳು ತಂದು ತೋರಿಸಬೇಕು, ಯಾರಿಗೂ ಸಿಕ್ಕಿರಲಿಲ್ಲ. ಅವಳು ನನ್ನ ತಾಯಿಯ ತಂಗಿ. ಅಮ್ಮ ಹೋದ ಮೇಲೆ ಅಮ್ಮನ ಚಾಕು ಹಿಡಿದು ಅವಳ ಪಕ್ಕದಲ್ಲಿ ನಿಂತವಳು ನಾನು. ನನ್ನ ಮೀನಿನಲ್ಲಿ ಮುಳ್ಳು ಇರುತ್ತಿತ್ತು.

ಚಿಕ್ಕಮ್ಮನಿಗೆ ಉಪ್ಪಿಲ್ಲದ ಊಟ ಊಟವೇ ಅಲ್ಲ. ಅನ್ನದ ಪಾತ್ರೆಗೆ ಉಪ್ಪು ಹಾಕಿಟ್ಟ ಹಂದಿಬಾಲ ಬೀಳಲೇಬೇಕು. ಅದನ್ನು ನೀರಲ್ಲಿ ನೆನೆಸಿ ಉಪ್ಪು ಬಿಡಿಸುವವರನ್ನು ಕಂಡರೆ ಅವಳಿಗೆ ಕನಿಕರ. ಆದರೆ ಬಿಪಿ ನೋಡಿಸಲು ಕ್ಲಿನಿಕ್ಕಿಗೆ ಹೋಗುವ ವಾರ ಬಂತೆಂದರೆ ಹಂದಿಬಾಲ ಬಂದ್. ಅಂಗಳದ ದಿವಿಹಲಸಿನ ಮರದಡಿಯಿಂದ ಹಳದಿ ಎಲೆ ಆಯ್ದು, ಕುದಿಸಿ, ಆ ಕಷಾಯವನ್ನು ಹೊತ್ತುಹೊತ್ತಿಗೆ ಕುಡಿಯುತ್ತಿದ್ದಳು. ಬಿಪಿ ಸರಿಯಾಗಿಯೇ ಬರುತ್ತಿತ್ತು. ಬಂದ ಸಂಜೆಯೇ ಬಾಲ ಮತ್ತೆ ಪಾತ್ರೆಗೆ. ನಮ್ಮ ಬೀದಿಯ ಅರ್ಧ ಜನ ಪರೀಕ್ಷೆ ಪಾಸಾಗುವುದು ಹೀಗೆಯೇ. ಪಾಸಾದವರ ಶವಸಂಸ್ಕಾರಕ್ಕೂ ನಾನು ಹೋಗಿದ್ದೇನೆ.

ಹೋದ ವರ್ಷ ಅವಳಿಗೆ ಕನ್ನಡಕ ಬೇಕಾಯಿತು. ಕಣ್ಣಿನ ಡಾಕ್ಟರ್ ಅಲೇನ್ ಚಿಕ್ಕ ವಯಸ್ಸಿನ ಹುಡುಗಿ. ಕಣ್ಣಿಗೆ ಹನಿ ಬಿಟ್ಟು, ಬೆಳಕು ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಕದ ಮಾತು ಬಿಟ್ಟು ಬಿಪಿ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದಳು ಚಿಕ್ಕಮ್ಮ, ಶಾಲೆಯಲ್ಲಿ ಬಹುಮಾನ ಗೆದ್ದ ಮಗಳ ಬಗ್ಗೆ ಹೇಳುವಂತೆ.

ಮೈ ಕೊಯ್ಯದೆ ಸಣ್ಣ ರಕ್ತನಾಳಗಳನ್ನು ನೇರವಾಗಿ ನೋಡಲು ಆಗುವ ಜಾಗ ಕಣ್ಣಿನ ಹಿಂಭಾಗ, ನಿಮ್ಮವು ಸಪೂರವಾಗಿವೆ ಎಂದಳು ಡಾಕ್ಟರ್. ಸಣ್ಣ ನಾಳ ಕಿರಿದಾದರೆ ರಕ್ತವನ್ನು ನೂಕಲು ಒತ್ತಡ ಹೆಚ್ಚು ಬೇಕು. ಒತ್ತಡ ಹೆಚ್ಚಿದಂತೆ ನಾಳದ ಗೋಡೆ ಇನ್ನೂ ದಪ್ಪವಾಗುತ್ತದೆ. ಎಷ್ಟೋ ಜನರಲ್ಲಿ ಬಿಪಿ ಏರುವ ಮೊದಲೇ ನಾಳ ಕಿರಿದಾಗಿರುತ್ತದಂತೆ.

“ಇವತ್ತು ಚೆನ್ನಾಗೇ ಇರಬಹುದು ಅಮ್ಮ. ಆದ್ರೆ ಕಾಯಿಲೆ ಬರ್ತಾ ಇದೆ.”

ಕನ್ನಡಕ ಕೇಳಿದರೆ ಕಣಿ ಹೇಳುತ್ತಾಳೆ ಎಂದು ಚಿಕ್ಕಮ್ಮ ವಾಪಸ್ ಬರುವಾಗ ಬಸ್ಸಿನವರಿಗೆಲ್ಲ ಕೇಳುವಂತೆ ಗೊಣಗಿದಳು.

ಮುಂದಿನ ಕ್ಲಿನಿಕ್ ವಾರ ಅವಳು ಮತ್ತೆ ಎಲೆ ಆಯತೊಡಗಿದಳು. ಈ ಸಲ ಕಷಾಯವಿಲ್ಲದೆ ಹೋಗೋಣ ಎಂದೆ.

“ನೆಂಟರು ಬರ್ತಾರಂದ್ರೆ ಮನೆ ಗುಡಿಸಲ್ವೇನೇ?” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು.

“ಅಮ್ಮನೂ ಗುಡಿಸಿಕೊಂಡೇ ಹೋಗ್ತಿದ್ಳು, ಚಿಕ್ಕಮ್ಮ.”

ಅಮ್ಮ ಕ್ಲಿನಿಕ್ಕಿನಲ್ಲಿ ಪಾಸಾಗಿ ಬಂದ ವಾರವೇ ಲಕ್ವ ಹೊಡೆದು ಮೀನಿನ ಮೇಜಿನ ಮೇಲೆ ಬಿದ್ದಿದ್ದಳು. ಚಾಕು ಕೈಯಲ್ಲೇ ಇತ್ತು. ಬೆರಳು ಬಿಡಿಸಿ ಅದನ್ನು ತೆಗೆದವಳು ಚಿಕ್ಕಮ್ಮ. ಅದನ್ನು ನೆನಪಿಸಬಾರದಿತ್ತು ಎಂದು ನನಗೆ ಸಂಕಟವಾಯಿತು. ಇವಳೂ ಹಾಗೆ ಹೋದರೆ ನನಗೆ ಯಾರಿದ್ದಾರೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಅವಳು ಆಯ್ದ ಎಲೆಗಳನ್ನು ಅಲ್ಲೇ ಹಾಕಿ ಒಳಗೆ ಹೋದಳು. ಆ ವಾರವೆಲ್ಲ ಎಂದಿನಂತೆ ಹಂದಿಬಾಲ ತಿಂದಳು, ಕಷಾಯ ಕುದಿಸಲಿಲ್ಲ.

ಕ್ಲಿನಿಕ್ಕಿನಲ್ಲಿ ನರ್ಸ್ ಅವಳ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಬಿಚ್ಚಿ ಮತ್ತೆ ಸುತ್ತಿದಳು. ಆಮೇಲೆ ಬೇರೆ ಮಷಿನ್ ತಂದಳು. ಹೋದ ಸಲ ಅಷ್ಟು ಚೆನ್ನಾಗಿತ್ತಲ್ಲ, ಇದ್ದಕ್ಕಿದ್ದಂತೆ ಇಷ್ಟು ಹೇಗೆ ಏರಿತು ಎಂದು ಕೇಳಿದಳು.

ಚಿಕ್ಕಮ್ಮ ನನ್ನ ಕಡೆ ನೋಡದೆ ನನ್ನ ಕೈ ಹಿಡಿದುಕೊಂಡಳು.

“ಇದ್ದಕ್ಕಿದ್ದಂತೆ ಏನಿಲ್ಲ ಕಣಮ್ಮ,” ಎಂದಳು. “ಈ ಸಲ ಗುಡಿಸದೆ ಬಂದಿದೀನಿ.”